ಹಳೆಯ ಕ್ಯಾಮೆರಾ ಕೊಳ್ಳುವಾಗ ರೈತರು ನೋಡತಕ್ಕ ವಿಷಯಗಳು

(ಭಾಗಮಂಡಲದ ಸುತ್ತಿನ ಗ್ರಾಮಗಳ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಇಂಥ ಸಭೆಗಳಲ್ಲಿ ಗೊಬ್ಬರ, ಬೀಜ, ಔಷಧಿ ಸಿಂಪಡಣೆ, ಜೇನುಪೆಟ್ಟಿಗೆ ಇವುಗಳ ಮಾತು ಬರುವುದು ವಾಡಿಕೆ. ಇಂದು ಕ್ಯಾಮೆರಾದ ಮಾತು ಏತಕ್ಕೆ ಎಂದು ನಿಮ್ಮಲ್ಲಿ ಹಿರಿಯರು ಕೇಳಬಹುದು. ಕಾರಣ ಇಷ್ಟೇ. ಕಾಫಿ, ಮೆಣಸು ಮಾರಿದ ಹಣ ಮನೆಗೆ ಬಂದಾಗ ಅನೇಕ ಮನೆಗಳಲ್ಲಿ ಮಗನೋ ಮಗಳೋ "ಒಂದು ಒಳ್ಳೆಯ ಕ್ಯಾಮೆರಾ ಬೇಕು" ಎಂದು ಕೇಳುತ್ತಾರೆ. ಹೊಸದಕ್ಕೆ ಹಣ ಸಾಲದು. ಆಗ ಹಳೆಯದನ್ನು ಹುಡುಕುತ್ತಾರೆ. ಹಳೆಯದನ್ನು ಕೊಳ್ಳುವುದು ತಪ್ಪಲ್ಲ; ನೋಡದೆ ಕೊಳ್ಳುವುದು ತಪ್ಪು. ಎತ್ತನ್ನು ಕೊಳ್ಳುವಾಗ ಹಲ್ಲು ಎಣಿಸಿ, ನೊಗ ಹೂಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ನಾವು ಇಪ್ಪತ್ತು ಸಾವಿರ ರೂಪಾಯಿನ ಯಂತ್ರವನ್ನು ಚಿತ್ರ ನೋಡಿ ಕೊಳ್ಳುವುದು ಸರಿಯೇ?

ಡಿಎಸ್‌ಎಲ್‌ಆರ್ ಎಂದು ಕರೆಯುವ ಕ್ಯಾಮೆರಾ ಯಾವುದೆಂಬುದನ್ನು ಮೊದಲು ತಿಳಿಯೋಣ. ಇದರ ಹೊಟ್ಟೆಯಲ್ಲಿ ಒಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನ ಮೂಲಕ ಬಂದ ಬೆಳಕನ್ನು ಆ ಕನ್ನಡಿ ನಮ್ಮ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆದ್ದು, ಷಟರ್ ಎಂಬ ಕದ ತೆರೆದು, ಬೆಳಕು ಹಿಂದಿನ ಸಂವೇದಕದ ಮೇಲೆ ಬೀಳುತ್ತದೆ. ಬಾಡಿ ಬೇರೆ, ಲೆನ್ಸ್ ಬೇರೆ. ಬೇಕೆಂದಾಗ ಲೆನ್ಸನ್ನು ಬದಲಿಸಬಹುದು.

ಕೆಲವು ವರ್ಷಗಳಿಂದ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಬಂದಿವೆ. ಕಂಪನಿಗಳು ಅತ್ತ ತಿರುಗಿವೆ. ಸೋನಿ ಕಂಪನಿಯು 2021ರಲ್ಲಿ ತನ್ನ ಹಳೆಯ ಬಗೆಯ ಕ್ಯಾಮೆರಾಗಳ ಮಾರಾಟವನ್ನು ನಿಲ್ಲಿಸಿತು. ಅದೇ ವರ್ಷ ಕೆನಾನ್ ಕಂಪನಿಯು ತನ್ನ ಅತ್ಯುನ್ನತ ದರ್ಜೆಯ ಡಿಎಸ್‌ಎಲ್‌ಆರ್‌ಗೆ ಮುಂದಿನ ಮಾದರಿ ಬರುವುದಿಲ್ಲವೆಂದು ತಿಳಿಸಿತು. 2022ರ ಹೊತ್ತಿಗೆ ನಿಕಾನ್ ಕಂಪನಿಯ ಡಿ3500, ಡಿ5600 ಎಂಬ ಜನಸಾಮಾನ್ಯರ ಮಾದರಿಗಳ ತಯಾರಿಕೆಯೂ ನಿಂತಿತು. ಸ್ಟುಡಿಯೋದವರು ಹೊಸತಕ್ಕೆ ಹೋಗುತ್ತಿರುವುದರಿಂದ ಅವರ ಹಳೆಯ ಕ್ಯಾಮೆರಾಗಳು ಅಗ್ಗವಾಗಿ ಮಾರುಕಟ್ಟೆಗೆ ಬರುತ್ತಿವೆ. ಹಳೆಯದೆಂದ ಮಾತ್ರಕ್ಕೆ ಅವು ತೆಗೆಯುವ ಚಿತ್ರ ಕೆಟ್ಟುಹೋಗಿಲ್ಲ. ನಮ್ಮಂಥವರಿಗೆ ಇದು ಅನುಕೂಲದ ಕಾಲವೇ ಸರಿ.

ಅಗತ್ಯವಿದೆಯೇ?

ಕೊಳ್ಳುವ ಮೊದಲು ನಿಜವಾಗಿ ಅಗತ್ಯವಿದೆಯೇ ಎಂದು ಮನೆಯವರೆಲ್ಲ ಕುಳಿತು ಯೋಚಿಸತಕ್ಕದ್ದು. ಮಳೆಗೆ ತೋಟ ಕುಸಿದಾಗ, ಆನೆ ಗದ್ದೆಗೆ ನುಗ್ಗಿದಾಗ, ಪರಿಹಾರದ ಅರ್ಜಿಗೆ ಚಿತ್ರ ಬೇಕಾದರೆ ಕೈಯಲ್ಲಿರುವ ಮೊಬೈಲೇ ಸಾಕು. ಜಾಗ, ದಿನಾಂಕ, ಹೊತ್ತು ಇವುಗಳನ್ನು ಮೊಬೈಲು ಚಿತ್ರದ ಜೊತೆಗೇ ದಾಖಲಿಸಬಲ್ಲದು. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಹೆಚ್ಚಿನವು ಜಾಗವನ್ನು ದಾಖಲಿಸವು. ಆ ಕೆಲಸಕ್ಕೆಂದು ಕ್ಯಾಮೆರಾ ಕೊಳ್ಳಬೇಡಿ.

ಹಾಗಾದರೆ ಯಾವುದಕ್ಕೆ ಬೇಕು? ದೂರದ ಮರದ ಮೇಲಿನ ಮಂಗಟ್ಟೆ ಹಕ್ಕಿಯನ್ನು ಹತ್ತಿರ ತರಬೇಕಾದರೆ ಬೇಕು. ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ, ಮಬ್ಬು ಬೆಳಕಿನ ಐನ್‌ಮನೆಯೊಳಗೆ ಮದುವೆಯ ಶಾಸ್ತ್ರ ನಡೆಯುವಾಗ ಚಿತ್ರ ಸ್ಪಷ್ಟವಾಗಿ ಬರಬೇಕಾದರೆ ಬೇಕು. ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವದ ಮುಹೂರ್ತ ಒಂದು ವರ್ಷ ಹಗಲಿಗೆ ಬಂದರೆ ಇನ್ನೊಂದು ವರ್ಷ ನಡುರಾತ್ರಿಗೆ ಬರುತ್ತದೆ; ಅಂಥ ಹೊತ್ತಿನ ಜಾತ್ರೆಯ ಚಿತ್ರಕ್ಕೆ ಬೇಕು. ಕಾಫಿ ಎಲೆಯ ಅಡಿಯಲ್ಲಿ ಕಾಣುವ ತುಕ್ಕುರೋಗದ ಕಿತ್ತಳೆ ಬಣ್ಣದ ಪುಡಿ, ಏಲಕ್ಕಿಯ ಕಟ್ಟೆ ರೋಗದ ಗೆರೆಗಳು ಇವನ್ನು ದೊಡ್ಡದಾಗಿ, ಬಣ್ಣ ಕೆಡದಂತೆ ತೆಗೆದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೋ ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರಕ್ಕೋ ತೋರಿಸಬೇಕಾದರೆ ಉಪಯೋಗಕ್ಕೆ ಬರುತ್ತದೆ.

ರೈತನಿಗೂ ಕ್ಯಾಮೆರಾಕ್ಕೂ ಏನು ಸಂಬಂಧ ಎನ್ನುವವರಿಗೆ ಮೂಡಿಗೆರೆಯ ಉದಾಹರಣೆ ಇದೆ. ಅಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಸಾಹಿತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ತಮ್ಮ ಸುತ್ತಿನ ಹಕ್ಕಿಗಳ ಚಿತ್ರಗಳನ್ನು ತಾವೇ ತೆಗೆದು, ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನೂ ಬರೆದರು. ಫಿಲಂ ಸುರುಳಿಯ ಕಾಲದಲ್ಲಿ ಸುರುಳಿ ತೊಳೆಸುವವರೆಗೆ ಚಿತ್ರ ಬಂದಿದೆಯೇ ಇಲ್ಲವೇ ತಿಳಿಯುತ್ತಿರಲಿಲ್ಲ. ಪ್ರತಿಯೊಂದು ಚಿತ್ರಕ್ಕೂ ಖರ್ಚು. ಇಂದು ನೂರು ಚಿತ್ರ ತೆಗೆದು ತೊಂಬತ್ತನ್ನು ಅಳಿಸಿದರೂ ಕಾಸು ಖರ್ಚಿಲ್ಲ. ಕಲಿಯುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ?

ಆದರೆ ಒಂದು ಎಚ್ಚರಿಕೆ. ಕ್ಯಾಮೆರಾ ಕೊಂಡ ಮಾತ್ರಕ್ಕೆ ಮದುವೆ ಮನೆಗಳಿಂದ ಹಣ ಹರಿದು ಬರುತ್ತದೆಂದು ಲೆಕ್ಕ ಹಾಕಬೇಡಿ. ಅದು ವರ್ಷಗಟ್ಟಲೆ ಕಲಿತು ಮಾಡುವ ಕಸುಬು. ಬೆಳೆಸಾಲದ ಹಣದಿಂದಂತೂ ಕ್ಯಾಮೆರಾ ಕೊಳ್ಳಲೇಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಹಣದ ಹಂಚಿಕೆ

ನಿಮ್ಮ ಕೈಯಲ್ಲಿ 25,000 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಅಷ್ಟನ್ನೂ ಬಾಡಿಗೇ ಸುರಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಹೀಗೆ ಹಂಚಿಕೊಳ್ಳಬಹುದು:

ಬಾಡಿ ಮತ್ತು ಅದರ ಜೊತೆಗೆ ಬರುವ 18–55 ಲೆನ್ಸ್ — 15,000
ಎರಡನೆಯ ಲೆನ್ಸಿಗಾಗಿ — 5,500
ಮೆಮೊರಿ ಕಾರ್ಡ್, ಇನ್ನೊಂದು ಬ್ಯಾಟರಿ — 2,000
ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಮಾಪಕ — 1,000
ರಿಪೇರಿಗೆ ಮೀಸಲು — 1,500

ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೆಲೆ ಬದಲಾಗುವುದರಿಂದ ಈ ಅಂಕಿಗಳನ್ನು ಒಂದು ಮಾದರಿ ಎಂದಷ್ಟೇ ತಿಳಿಯಿರಿ. ಅಂಕಿ ಬದಲಾದರೂ ಹಂಚಿಕೆಯ ರೀತಿ ಬದಲಾಗಬಾರದು. ಅದರಲ್ಲಿಯೂ ಡಬ್ಬಿಯ ಒಂದು ಸಾವಿರವನ್ನು ಉಳಿಸಲು ಹೋಗಬೇಡಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಬಾಡಿಗಿಂತ ಲೆನ್ಸಿಗೆ ಹೆಚ್ಚು ಗಮನ ಕೊಡಿ ಎಂದು ಹೇಳುವುದಕ್ಕೆ ಕಾರಣವಿದೆ. ಬಾಡಿ ಬೇಗ ಹಳತಾಗುತ್ತದೆ. ಲೆನ್ಸ್ ಬಹುಕಾಲ ಉಳಿಯುತ್ತದೆ. ನಿಕಾನ್ ಕಂಪನಿಯು ಲೆನ್ಸ್ ಕೂರಿಸುವ ಎಫ್ ಎಂಬ ಕಟ್ಟನ್ನು 1959ರಲ್ಲಿ ತಂದಿತು. ಅದರ ಡಿಎಸ್‌ಎಲ್‌ಆರ್‌ಗಳಲ್ಲಿಯೂ ಅದೇ ಕಟ್ಟು ಮುಂದುವರಿಯಿತು. ಕೆನಾನ್‌ನ ಇಎಫ್ ಕಟ್ಟು 1987ರದು. ಬಾಡಿ ಬದಲಾದರೂ ಒಳ್ಳೆಯ ಲೆನ್ಸನ್ನು ಮುಂದಿನ ಬಾಡಿಗೆ ಹಾಕಿಕೊಳ್ಳಬಹುದು.

ಮೊದಲನೆಯ ಲೆನ್ಸ್

ಮೊದಲು ಕೊಳ್ಳುವವರಿಗೆ 18–55 ಲೆನ್ಸೇ ಸಾಕು. ತೋಟ, ಮನೆ, ಮನುಷ್ಯರು, ಜಾತ್ರೆ ಎಲ್ಲವನ್ನೂ ಅದು ತೆಗೆಯುತ್ತದೆ. ಆದರೆ ಅದರ ಮೇಲಿನ ಅಕ್ಷರಗಳನ್ನು ಓದಿ ನೋಡಿ. ಕೆನಾನ್‌ನದಾದರೆ "ಐಎಸ್", ನಿಕಾನ್‌ನದಾದರೆ "ವಿಆರ್" ಎಂದಿರಬೇಕು. ಕೈ ಸ್ವಲ್ಪ ಅಲುಗಿದರೂ ಚಿತ್ರ ಕದಡದಂತೆ ಕಾಯುವ ಏರ್ಪಾಡು ಅದು. ಕೆನಾನ್‌ನ 18–55 ಲೆನ್ಸುಗಳಲ್ಲಿ ಈ ಏರ್ಪಾಡು ಇಲ್ಲದವೂ ಇವೆ. ನೋಡುವುದಕ್ಕೆ ಎರಡೂ ಒಂದೇ ರೀತಿ ಇರುತ್ತವೆ.

ಎರಡನೆಯ ಲೆನ್ಸಿನ ಹಣವನ್ನು ಮೂರು ತಿಂಗಳು ಹಾಗೆಯೇ ಇಟ್ಟುಕೊಳ್ಳಿ. ಅಷ್ಟರಲ್ಲಿ ನೀವು ಏನನ್ನು ಹೆಚ್ಚಾಗಿ ತೆಗೆಯುತ್ತೀರೆಂಬುದು ನಿಮಗೇ ತಿಳಿಯುತ್ತದೆ.

ಮನೆಯೊಳಗಿನ, ರಾತ್ರಿಯ ಚಿತ್ರಗಳೇ ಹೆಚ್ಚಾದರೆ ಎಫ್/1.8 ಎಂಬ ಅಂಕಿಯ ಲೆನ್ಸ್ ಕೊಳ್ಳಿ. ಈ ಅಂಕಿ ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆಂಬುದನ್ನು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಕೆರೆಯ ತೂಬನ್ನು ಹೆಚ್ಚು ಎತ್ತಿದರೆ ಹೆಚ್ಚು ನೀರು ಬರುವಂತೆ, 18–55 ಲೆನ್ಸಿನ ಎಫ್/5.6ರಲ್ಲಿ ಬರುವುದಕ್ಕಿಂತ ಎಫ್/1.8ರಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬರುತ್ತದೆ. ಮಳೆಗಾಲದ ಮಬ್ಬಿನಲ್ಲಿ, ತೋಟದ ದಟ್ಟ ನೆರಳಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಕೆನಾನ್‌ಗೆ 50 ಎಫ್/1.8, ನಿಕಾನ್‌ಗೆ 35 ಎಫ್/1.8 ಹಳೆಯದರಲ್ಲಿ ಸುಲಭವಾಗಿ ಸಿಗುತ್ತವೆ. 50ರ ಲೆನ್ಸ್ ಈ ಬಗೆಯ ಚಿಕ್ಕ ಸಂವೇದಕದ ಕ್ಯಾಮೆರಾಗಳಲ್ಲಿ ಬಿಗಿಯಾಗಿ ಕಾಣುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಹಿಂದಕ್ಕೆ ಸರಿಯಲು ಜಾಗ ಸಿಗದೆ ಹೋಗಬಹುದು. ಒಬ್ಬಿಬ್ಬರ ಮುಖದ ಚಿತ್ರಕ್ಕೆ ಮಾತ್ರ ಅದು ಬಹಳ ಒಳ್ಳೆಯದು.

ಹಕ್ಕಿಗಳ ಕಡೆಗೆ ಮನಸ್ಸು ಹೋದರೆ ಕೆನಾನ್‌ನ 55–250 ಐಎಸ್, ನಿಕಾನ್‌ನ 55–200 ಅಥವಾ 55–300 ವಿಆರ್ ನೋಡಬಹುದು. ಎಲೆಯ ರೋಗ, ಜೇನುನೊಣ, ಕಾಯಿಕೊರಕ ಇವುಗಳನ್ನು ತೆಗೆಯುವ ಆಸೆಯಿದ್ದರೆ ಬೇರೆ ದುಬಾರಿ ಲೆನ್ಸ್ ಬೇಡ. ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಟೊಳ್ಳು ಬಳೆಗಳು ಅಗ್ಗದಲ್ಲಿ ಸಿಗುತ್ತವೆ. ಅವುಗಳಿಂದ ಲೆನ್ಸ್ ವಸ್ತುವಿಗೆ ಇನ್ನೂ ಹತ್ತಿರ ಹೋಗಬಲ್ಲದು.

ನಿಕಾನ್ ಕೊಳ್ಳುವವರು ಒಂದು ಮಾತನ್ನು ಮರೆಯಬಾರದು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ, ಎಂದರೆ ಡಿ3200, ಡಿ3300, ಡಿ5300 ಮೊದಲಾದವುಗಳಲ್ಲಿ, ಫೋಕಸ್ ತಿರುಗಿಸುವ ಮೋಟಾರು ಇಲ್ಲ. ಅವಕ್ಕೆ "ಎಎಫ್-ಎಸ್" ಎಂದು ಬರೆದ ಲೆನ್ಸೇ ಬೇಕು. ಅಗ್ಗವೆಂದು 50 ಎಫ್/1.8ಡಿ ಲೆನ್ಸನ್ನೋ, ವಿಆರ್ ಇಲ್ಲದ ಹಳೆಯ 70–300 ಲೆನ್ಸನ್ನೋ ತಂದರೆ ಪ್ರತಿಯೊಂದು ಸಲವೂ ಕೈಯಿಂದಲೇ ಫೋಕಸ್ ತಿರುಗಿಸಬೇಕಾಗುತ್ತದೆ. ಹಾಗೆಯೇ "ಎಎಫ್-ಪಿ" ಎಂದು ಬರೆದ ಹೊಸ ಬಗೆಯ ಲೆನ್ಸುಗಳು ಡಿ3100, ಡಿ3200, ಡಿ5100ರಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಮಾಡವು. ಮಾರುವವರು ಇದನ್ನೆಲ್ಲ ತಾವಾಗಿ ಹೇಳಲಿಕ್ಕಿಲ್ಲ, ಕೇಳಬೇಕಾದವರು ನಾವು.

ಬೂಷ್ಟು: ನಮ್ಮ ನಾಡಿನ ಮೊದಲ ಶತ್ರು

ಈಗ ಈ ಭಾಷಣದ ಮುಖ್ಯ ಮಾತಿಗೆ ಬರುತ್ತೇನೆ. ಬಯಲುಸೀಮೆಯವರು ಹಳೆಯ ಕ್ಯಾಮೆರಾ ಕೊಳ್ಳುವಾಗ ಅದು ಎಷ್ಟು ದುಡಿದಿದೆ ಎಂದು ನೋಡುತ್ತಾರೆ. ಕೊಡಗಿನವರು ಅದು ಎಷ್ಟು ಕಾಲ ಸುಮ್ಮನೆ ಬಿದ್ದಿತ್ತು ಎಂಬುದನ್ನೂ ನೋಡಬೇಕು. ಭಾಗಮಂಡಲವು ಕೊಡಗಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಕಕ್ಕಡದ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಚರ್ಮದ ಬೆಲ್ಟು, ಚಪ್ಪಲಿಗಳ ಮೇಲೆ ಬಿಳಿಯ ಬೂಷ್ಟು ಹಿಡಿಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅದೇ ಬೂಷ್ಟು ಲೆನ್ಸಿನ ಒಳಗಿನ ಗಾಜಿಗೂ ಹಿಡಿಯುತ್ತದೆ. ಅಂಗಡಿಯವರು ಇದನ್ನು ಫಂಗಸ್ ಎನ್ನುತ್ತಾರೆ. ಮೊದಲು ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ಬಿಟ್ಟರೆ ಗಾಜಿನ ಮೇಲಿನ ಲೇಪವನ್ನು ತಿಂದು ಗುರುತು ಉಳಿಸುತ್ತದೆ. ಆಮೇಲೆ ತೊಳೆಸಿದರೂ ಆ ಗುರುತು ಹೋಗದು. ಚಿತ್ರ ಮಂಜು ಕವಿದಂತೆ ಬರುತ್ತದೆ.

"ನಾನು ಇದನ್ನು ಬಳಸಿಯೇ ಇಲ್ಲ, ಕಪಾಟಿನಲ್ಲಿಯೇ ಇತ್ತು" ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಇದು ಹೆಮ್ಮೆಯ ಮಾತಲ್ಲ. ನಾಲ್ಕು ಮಳೆಗಾಲ ಕಪಾಟಿನಲ್ಲಿ ಕತ್ತಲೆಯಲ್ಲಿ ಕುಳಿತ ಲೆನ್ಸಿಗಿಂತ ದಿನವೂ ಗಾಳಿ ಬೆಳಕು ಕಂಡು ದುಡಿದ ಲೆನ್ಸು ಮೇಲಾಗಿರಬಹುದು.

ಬೂಷ್ಟನ್ನು ನೋಡುವ ಕ್ರಮ ಹೀಗಿದೆ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಎರಡೂ ಮುಚ್ಚಳ ತೆಗೆದು, ಕತ್ತಲೆಯ ಮೂಲೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಬಳಿಕ ತಿರುವಿ ಇನ್ನೊಂದು ಕಡೆಯಿಂದ ನೋಡಿ. ನಿಕಾನ್ ಲೆನ್ಸುಗಳಲ್ಲಿ ಹೆಚ್ಚಿನವುಗಳ ಒಳಗಿನ ರೆಕ್ಕೆಗಳು ಬಿಚ್ಚಿದಾಗ ಮುಚ್ಚಿಕೊಂಡಿರುತ್ತವೆ. ಹಿಂಭಾಗದ ಪುಟ್ಟ ಸನ್ನೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ತೆರೆಯುತ್ತವೆ. ಆ ರೆಕ್ಕೆಗಳ ಮೇಲೆ ಎಣ್ಣೆಯ ಪಸೆ ಇರಬಾರದು. ನಾಲ್ಕು ಧೂಳಿನ ಕಣ ಕಂಡರೆ ಹೆದರಬೇಡಿ. ಹಳೆಯ ಲೆನ್ಸಿನಲ್ಲಿ ಅದು ಸಹಜ. ಎಳೆ ಎಳೆಯಾಗಿ, ಬೇರಿನಂತೆ ಕವಲೊಡೆದದ್ದು ಕಂಡರೆ ಅರ್ಧ ಬೆಲೆಗೂ ಕೊಳ್ಳಬೇಡಿ. ಲೆನ್ಸ್ ಬಿಚ್ಚಿ ತೊಳೆಯುವವರು ಹತ್ತಿರದಲ್ಲಿ ಸಿಗುವುದು ಕಷ್ಟ. ಹೋಗಿಬರುವ ಖರ್ಚೇ ಲಾಭವನ್ನು ತಿಂದುಬಿಡುತ್ತದೆ.

ಯಾವ ಕಾಲದಲ್ಲಿ ಕೊಳ್ಳಬೇಕು? ಮಳೆ ಕಳೆದ ಮೇಲೆ, ತುಲಾ ಸಂಕ್ರಮಣದಿಂದ ಆಚೆಗೆ ಕೊಳ್ಳುವುದು ಉತ್ತಮ. ಆ ವರ್ಷದ ಮಳೆಯನ್ನು ಲೆನ್ಸು ಹೇಗೆ ದಾಟಿತೆಂಬುದು ಆಗ ಕಣ್ಣಿಗೆ ಕಾಣುತ್ತದೆ.

ಬಾಡಿಯ ಪರೀಕ್ಷೆ

ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡು, ಒಂದು ಟಾರ್ಚು, ಒಂದು ಹಳೆಯ ದಿನಪತ್ರಿಕೆ ತೆಗೆದುಕೊಂಡು ಹೋಗಿ. ಹಗಲು ಹೊತ್ತಿನಲ್ಲಿಯೇ ಹೋಗಿ.

ಮೊದಲನೆಯದಾಗಿ ಹೊರಮೈ. ಮೂಲೆ ನುಗ್ಗಾಗಿದೆಯೇ, ತಿರುಪಿನ ತಲೆ ಸವೆದಿದೆಯೇ ನೋಡಿ. ತಿರುಪಿನ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆಂದು ಅರ್ಥ. ಬ್ಯಾಟರಿಯ ಕೋಣೆಯಲ್ಲಿ ಹಸಿರು ಕಿಲುಬು ಕಂಡರೆ ಅದು ನೀರು ಕುಡಿದ ಕ್ಯಾಮೆರಾ. ಅಲ್ಲಿಯೇ ಬಿಟ್ಟು ಬನ್ನಿ. ಬ್ಯಾಟರಿ ಉಬ್ಬಿರಬಾರದು.

ಎರಡನೆಯದಾಗಿ ಷಟರ್. ಎಲ್ಲ ವೇಗಗಳಲ್ಲಿಯೂ ತೆಗೆದು ನೋಡಿ. ಸೆಕೆಂಡಿನ 4000ನೆಯ ಒಂದು ಭಾಗದ ವೇಗದಲ್ಲಿ ಆಕಾಶದ ಚಿತ್ರ ತೆಗೆದಾಗ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಷಟರ್ ಸೋತಿದೆ. ಬಳಿಕ ಬಿಡದೆ ಇಪ್ಪತ್ತು ಮೂವತ್ತು ಚಿತ್ರ ತೆಗೆಯಿರಿ. ನಡುವೆ ನಿಂತರೆ, "ಎರರ್" ಎಂದು ತೋರಿಸಿದರೆ ಬೇಡ.

ಷಟರ್ ಎಷ್ಟು ಸಲ ತೆರೆದಿದೆ ಎಂಬ ಲೆಕ್ಕ ಕ್ಯಾಮೆರಾದೊಳಗೆ ಇರುತ್ತದೆ. ಇದು ಎತ್ತಿನ ಹಲ್ಲಿದ್ದಂತೆ. ನಿಕಾನ್‌ನಲ್ಲಿ ತೆಗೆದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿದರೆ ಈ ಲೆಕ್ಕ ಸಿಗುತ್ತದೆ. ಕೆನಾನ್‌ನಲ್ಲಿ ಸಾಮಾನ್ಯವಾಗಿ ಚಿತ್ರದಲ್ಲಿ ಸಿಗದು. ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಸಾಧಾರಣ ದರ್ಜೆಯ ನಿಕಾನ್ ಡಿ3300ರ ಷಟರನ್ನು 1,00,000 ಸಲಕ್ಕೆ, ಅದಕ್ಕಿಂತ ಮೇಲಿನ ಡಿ7100ರ ಷಟರನ್ನು 1,50,000 ಸಲಕ್ಕೆ ಪರೀಕ್ಷಿಸಿ ಬಿಟ್ಟಿರುತ್ತಾರೆ. ಆ ಅಂಕಿ ದಾಟಿದ ಕೂಡಲೇ ಕೆಡುತ್ತದೆಂದಲ್ಲ. ಅದಕ್ಕಿಂತ ಮೊದಲು ಕೆಡುವುದೇ ಇಲ್ಲವೆಂದೂ ಅಲ್ಲ. ಒಂದು ಮದುವೆಗೆ ಎರಡು ಸಾವಿರ ಚಿತ್ರ ತೆಗೆಯುವವರ ಕ್ಯಾಮೆರಾ ಐವತ್ತು ಮದುವೆಗೆ ಒಂದು ಲಕ್ಷ ಮುಟ್ಟುತ್ತದೆ. ಸ್ಟುಡಿಯೋದಿಂದ ಕೊಳ್ಳುವಾಗ ಈ ಲೆಕ್ಕವನ್ನು ಕೇಳಿಯೇ ಬೆಲೆ ಮಾತಾಡಿ.

ಮೂರನೆಯದಾಗಿ ಸಂವೇದಕ. ಎಫ್/16ಕ್ಕೆ ಇಟ್ಟು ಶುಭ್ರವಾದ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆಗಳು ಬಂದರೆ ಅದು ಬಹುಮಟ್ಟಿಗೆ ಧೂಳು. ತೆಗೆಸಬಹುದು, ಬೆಲೆಯಲ್ಲಿ ಅಷ್ಟು ಇಳಿಸಿ. ಚೂಪಾದ ಗೆರೆ ಬಂದರೆ ಗೀರು ಬಿದ್ದಿರಬಹುದು, ಬೇಡ. ಬಳಿಕ ಲೆನ್ಸಿನ ಮುಚ್ಚಳ ಹಾಕಿ ಕೆಲವು ಸೆಕೆಂಡುಗಳ ಒಂದು ಚಿತ್ರ ತೆಗೆಯಿರಿ. ಕಪ್ಪಿನ ನಡುವೆ ಬಣ್ಣದ ಚುಕ್ಕೆಗಳು ಒಂದೆರಡು ಇದ್ದರೆ ಚಿಂತೆಯಿಲ್ಲ. ನಕ್ಷತ್ರ ಕಾಯಿಸಿದಂತೆ ತುಂಬಿದ್ದರೆ ಬಿಡಿ.

ನಾಲ್ಕನೆಯದಾಗಿ ಫೋಕಸ್. ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ ನೇರವಾಗಿ ನಿಂತು ತೆಗೆಯಿರಿ. ನಡುವಿನ ಅಕ್ಷರ, ನಾಲ್ಕು ಮೂಲೆಯ ಅಕ್ಷರ ಎಲ್ಲವನ್ನೂ ಓದಿ ನೋಡಿ. ಒಂದು ಪಕ್ಕ ಮಾತ್ರ ಮಬ್ಬಾಗಿದ್ದರೆ ಲೆನ್ಸು ಬಿದ್ದು ಓರೆಯಾಗಿರಬಹುದು.

ಐದನೆಯದಾಗಿ ಗುಂಡಿಗಳು, ಹಿಂದಿನ ಪರದೆ, ಮೇಲಿನ ಫ್ಲಾಷು, ಎಲ್ಲವನ್ನೂ ಒಂದೊಂದಾಗಿ ಒತ್ತಿ ನೋಡಿ. ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಅರ್ಧ ಗಂಟೆ ಕೊಡಲು ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ.

ಮೋಸದಿಂದ ಎಚ್ಚರ

ಹಳೆಯ ಸಾಮಾನಿನ ಜೊತೆಗೆ ರಶೀದಿ ಕೇಳಿ. ಬಾಡಿಯ ಅಡಿಯಲ್ಲಿರುವ ಸಂಖ್ಯೆಯೂ ರಶೀದಿಯ ಸಂಖ್ಯೆಯೂ ಒಂದೇ ಆಗಿರಬೇಕು. ರಶೀದಿ ಕಳೆದಿದ್ದರೆ ಮಾರುವವರ ಕೈಯಿಂದ ಸಂಖ್ಯೆ ಸಹಿತ ಒಂದು ಚೀಟಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಕದ್ದ ಮಾಲು ಕೊಂಡರೆ ಹಣವೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಮೊಬೈಲಿನಲ್ಲಿ ಜಾಹೀರಾತು ನೋಡಿ ಕೊಳ್ಳುವವರು ಇನ್ನೂ ಜಾಗರೂಕರಾಗಿರಬೇಕು. "ನಾನು ಸೈನ್ಯದಲ್ಲಿದ್ದೇನೆ, ಬೇರೆ ಕಡೆಗೆ ವರ್ಗವಾಗಿದೆ, ಅದಕ್ಕೇ ಅಗ್ಗಕ್ಕೆ ಕೊಡುತ್ತಿದ್ದೇನೆ, ಮೊದಲು ಸಾಗಾಣಿಕೆ ಖರ್ಚು ಕಳುಹಿಸಿ" ಎಂದು ಹೇಳಿ, ಸೈನಿಕರ ಗುರುತುಚೀಟಿಯ ಚಿತ್ರವನ್ನೂ ಕಳುಹಿಸಿ ಮೋಸ ಮಾಡುವವರು ದೇಶದಾದ್ಯಂತ ಇದ್ದಾರೆ. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ ನಾಡು ನಮ್ಮದು. ಸೈನಿಕನೆಂದರೆ ನಮ್ಮವರು ತಟ್ಟನೆ ನಂಬುತ್ತಾರೆ. ಮೋಸಗಾರನಿಗೆ ಬೇಕಾದದ್ದು ಆ ನಂಬಿಕೆಯೇ. ಸಾಮಾನನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನಮಗೆ ಹಣ ಬರಬೇಕಾದರೆ ಮೊಬೈಲಿನಲ್ಲಿ ಪಿನ್ ಒತ್ತುವ ಅಗತ್ಯವಿಲ್ಲ. ಒತ್ತಲು ಹೇಳಿದರೆ ಅದು ನಿಮ್ಮ ಹಣ ಕಳುವಾಗುವ ದಾರಿ. ಹಾಗೇನಾದರೂ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮನೆಗೆ ತಂದ ಮೇಲೆ

ಈಗ ಆ ಒಂದು ಸಾವಿರ ರೂಪಾಯಿನ ಮಾತು. ಮುಚ್ಚಳದ ಅಂಚಿಗೆ ರಬ್ಬರ್ ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತನ್ನಿ. ಅದರೊಳಗೆ ಬಟ್ಟೆಯ ಚೀಲದಲ್ಲಿ ಕಾಲು ಕಿಲೋದಷ್ಟು ಸಿಲಿಕಾ ಜೆಲ್ ಹರಳುಗಳನ್ನು ಇಡಿ. ಗಾಳಿಯ ತೇವ ತೋರಿಸುವ ಪುಟ್ಟ ಮಾಪಕವೊಂದನ್ನೂ ಇಡಿ. ಪಾರ್ಚ್‌ಮೆಂಟ್ ಕಾಫಿಯನ್ನು ನೂರಕ್ಕೆ 10ರ ತೇವಾಂಶಕ್ಕೆ ಒಣಗಿಸಿ ಚೀಲ ಕಟ್ಟುವ ನಿಮಗೆ ಅಳತೆ ನೋಡುವ ಅಭ್ಯಾಸ ಹೊಸತಲ್ಲ. ಡಬ್ಬಿಯೊಳಗಿನ ಅಂಕಿ 40ರಿಂದ 50ರ ನಡುವೆ ಇದ್ದರೆ ಬೂಷ್ಟು ಬೆಳೆಯದು. 60 ದಾಟಿದರೆ ಹರಳುಗಳು ಸೋತಿವೆ ಎಂದು ತಿಳಿಯಿರಿ.

ನೀಲಿ ಹರಳು ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಿತ್ತಳೆ ಹರಳು ಹಸಿರಾಗುತ್ತದೆ. ಆಗ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಬಿಸಿ ಮಾಡಿದರೆ ಮೊದಲಿನ ಬಣ್ಣಕ್ಕೆ ಬಂದು ಮತ್ತೆ ಕೆಲಸ ಮಾಡುತ್ತದೆ. ನೀಲಿ ಹರಳಿನಲ್ಲಿ ವಿಷವಸ್ತು ಇರುವುದರಿಂದ ಅಡುಗೆಯ ಬಾಣಲೆಯನ್ನು ಇದಕ್ಕೆ ಬಳಸಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಒಲೆಯ ಮೇಲಿನ ಅಟ್ಟದಲ್ಲಿ ಬೀಜ, ಕಾಳು ಕೆಡದೆ ಉಳಿಯುತ್ತವೆಂದು ಕ್ಯಾಮೆರಾವನ್ನೂ ಅಲ್ಲಿ ಇಡಬೇಡಿ. ಹೊಗೆಯ ಜಿಡ್ಡು ಗಾಜಿಗೆ ಹಿಡಿಯುತ್ತದೆ. ಶಾಖಕ್ಕೆ ಒಳಗಿನ ಎಣ್ಣೆ ಕರಗುತ್ತದೆ. ಅಕ್ಕಿಯ ಡಬ್ಬಿಯಲ್ಲಿಯೂ ಹೂಳಬೇಡಿ; ಅಕ್ಕಿಯ ಹಿಟ್ಟು ಸಂದುಗಳಿಗೆ ಸೇರುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಅದರಲ್ಲಿ ತುಂಬಿ ಮಳೆಗಾಲ ಕಳೆಯಬಾರದು. ಮಳೆಯಲ್ಲಿ ಹೋಗಿ ಬಂದರೆ ಒಣ ಬಟ್ಟೆಯಿಂದ ಒರೆಸಿ, ಹೊರಮೈ ಚೆನ್ನಾಗಿ ಆರಿದ ಮೇಲೆಯೇ ಡಬ್ಬಿಗೆ ಸೇರಿಸಿ. ವಾರಕ್ಕೊಮ್ಮೆಯಾದರೂ ಹೊರತೆಗೆದು ನಾಲ್ಕು ಚಿತ್ರ ತೆಗೆಯಿರಿ.

ಸಂಘದ ಕ್ಯಾಮೆರಾ

ಒಬ್ಬೊಬ್ಬರಿಗೆ ಹಣ ಹೊಂದದಿದ್ದರೆ ಯುವಕ ಸಂಘದವರೋ ಸ್ವಸಹಾಯ ಸಂಘದ ತಾಯಂದಿರೋ ಸೇರಿ ಒಂದನ್ನು ಕೊಳ್ಳಬಹುದು. ಹತ್ತು ಮನೆಗೆ 2,500 ರೂಪಾಯಿಯಂತೆ ಹಾಕಿದರೆ ನಾನು ಹೇಳಿದ ಮೊತ್ತ ಆಗುತ್ತದೆ. ಆದರೆ ನಾಲ್ಕು ನಿಯಮ ಇರಲಿ. ಕ್ಯಾಮೆರಾ ಇಡುವ ಹೊಣೆ ಒಬ್ಬರದೇ ಆಗಿರಬೇಕು. ಯಾರು, ಯಾವ ದಿನ ಕೊಂಡುಹೋದರು, ಯಾವ ಸ್ಥಿತಿಯಲ್ಲಿ ತಂದರು ಎಂದು ಪುಸ್ತಕದಲ್ಲಿ ಬರೆಯಬೇಕು. ಕೆಡಿಸಿದವರು ಸರಿಪಡಿಸಿ ಕೊಡಬೇಕು. ಮಳೆಗಾಲದಲ್ಲಿ ತೇವಮಾಪಕದ ಅಂಕಿಯನ್ನು ವಾರಕ್ಕೊಮ್ಮೆ ಅದೇ ಪುಸ್ತಕದಲ್ಲಿ ಗುರುತಿಸಬೇಕು. ಎಲ್ಲರದೂ ಆದ ವಸ್ತು ಯಾರದೂ ಅಲ್ಲದೆ ಹಾಳಾಗುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ, ಇದು ಹಾಗಾಗಬಾರದು.

ಬಂಧುಗಳೇ, 2018ರಿಂದ ಈಚೆಗೆ ನಮ್ಮ ಜಿಲ್ಲೆಯ ಬೆಟ್ಟಗಳು ಕುಸಿದದ್ದನ್ನು ಕಂಡಿದ್ದೇವೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿಯೇ ಜಾರಿತು, ಜೀವಗಳು ಹೋದವು. ಮನೆ ಕಳೆದುಕೊಂಡವರಿಗೆ ಗೋಡೆ, ಛಾವಣಿ ಮತ್ತೆ ದೊರೆತರೂ ಅಜ್ಜ ಅಜ್ಜಿಯರ ಚಿತ್ರ ಮತ್ತೆ ದೊರೆಯುವುದಿಲ್ಲ. ಆದ್ದರಿಂದ ಕ್ಯಾಮೆರಾ ಕೊಂಡವರು ಮೊದಲು ತಮ್ಮ ಮನೆಯ ಹಿರಿಯರ ಒಂದೊಂದು ಒಳ್ಳೆಯ ಚಿತ್ರ ತೆಗೆಯಿರಿ. ಐನ್‌ಮನೆ, ಗದ್ದೆ, ಹಳೆಯ ಮರ, ಹೊಳೆಯ ದಡ ಇವುಗಳನ್ನು ತೆಗೆಯಿರಿ. ಗೋಡೆಯ ಹಳೆಯ ಚಿತ್ರಗಳನ್ನೂ ಬೆಳಕಿನಲ್ಲಿಟ್ಟು ಮತ್ತೆ ತೆಗೆದು ಉಳಿಸಿರಿ. ಅವುಗಳ ಒಂದು ಪ್ರತಿಯನ್ನು ದೂರದ ಊರಿನಲ್ಲಿರುವ ನೆಂಟರ ಮನೆಯಲ್ಲಿಡಿ. ಕೊಟ್ಟ ಹಣಕ್ಕೆ ಅದಕ್ಕಿಂತ ದೊಡ್ಡ ಬಡ್ಡಿ ಬೇರೆ ಇಲ್ಲ.

ಅಗತ್ಯ ನೋಡಿ ಕೊಳ್ಳಿ, ಗಾಜು ನೋಡಿ ಬೆಲೆ ಕಟ್ಟಿ, ತಂದ ಮೇಲೆ ಒಣಗಿಸಿ ಇಡಿ ಎಂದು ಮತ್ತೊಮ್ಮೆ ನೆನಪಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.